ತೊಟ್ಟಿಯಲ್ಲಿ ಕಬ್ಬಿಣವಿದೆ, ಗಿಡಕ್ಕೆ ಸಿಗುತ್ತಿಲ್ಲ

ಮಣ್ಣಿಲ್ಲದೆ ನೀರಿನಲ್ಲೇ ಸೊಪ್ಪು, ತರಕಾರಿ ಬೆಳೆಯುವವರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕನ್ನು ಸುತ್ತಿಕೊಂಡಿವೆ: ಹಾಕಿದ ಲಘು ಪೋಷಕಾಂಶ ಗಿಡಕ್ಕೆ ಯಾಕೆ ಸೇರುತ್ತಿಲ್ಲ? ಹಾಗಾಗಿ ಇಡೀ ಅಂಕಣವನ್ನು ಪೋಷಕ ದ್ರಾವಣದ ರಸಸಾರಕ್ಕೆ, ಅಂದರೆ ಪಿಎಚ್‌ಗೆ, ಮತ್ತು ಅದರ ಮರ್ಜಿಯಲ್ಲಿರುವ ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಮಾಲಿಬ್ಡಿನಂಗಳಿಗೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ತಾರಸಿಯಲ್ಲಿ 50 ಲೀಟರ್ ತೊಟ್ಟಿ ಇಟ್ಟು ಪಿವಿಸಿ ಪೈಪುಗಳಲ್ಲಿ ಲೆಟ್ಯೂಸ್, ಪಾಲಕ್ ಬೆಳೆಯುತ್ತಿದ್ದೇನೆ. ಹದಿನೈದು ದಿನದಿಂದ ಹೊಸ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ ಎಂದು ಅಂಗಡಿಯವರು ಹೇಳಿದ್ದರಿಂದ ಇಡಿಟಿಎ ಕಬ್ಬಿಣವನ್ನು ದುಪ್ಪಟ್ಟು ಹಾಕಿದೆ. ಗುಣ ಕಾಣಲಿಲ್ಲ. ಪಿಎಚ್ 7.4 ಇದೆ. ತೊಟ್ಟಿಯ ತಳದಲ್ಲಿ ಕಂದು ಗಸಿ ಕೂತಿದೆ. ಇನ್ನೂ ಹಾಕಲೇ? — ಬೆಂಗಳೂರಿನ ಓದುಗರು

ಉತ್ತರ: ಇನ್ನು ಒಂದು ಚಿಟಿಕೆಯನ್ನೂ ಹಾಕಬೇಡಿ. ಆ ಕಂದು ಗಸಿಯೇ ನೀವು ಹಾಕಿದ ಕಬ್ಬಿಣವಿರಬೇಕು. ಒಂದು ಚಮಚ ಗಸಿಯನ್ನು ಬಿಳಿ ತಟ್ಟೆಗೆ ಹಾಕಿ ಬೆರಳಿನಿಂದ ಉಜ್ಜಿ ನೋಡಿ. ಮರಳಿನಂತೆ ತರಿತರಿಯಾಗದೆ, ನೆನೆದ ಅರಿಶಿನ ಪುಡಿಯಂತೆ ನುಣ್ಣಗೆ ಹರಡಿ ಬೆರಳಿಗೆ ಕಂದು ಬಣ್ಣ ಹತ್ತಿದರೆ ಅದು ಕಬ್ಬಿಣದ ಹೈಡ್ರಾಕ್ಸೈಡ್, ಅಂದರೆ ತುಕ್ಕಿನ ಒಡಹುಟ್ಟು. ನಿಂಬೆರಸ ಹಿಂಡಿ ರಾತ್ರಿಯಿಡೀ ಬಿಟ್ಟರೆ ಅದು ನಿಧಾನವಾಗಿ ಕರಗಿ ರಸ ಹಳದಿಯಾಗುತ್ತದೆ. ಕೈಗೆ ಲೋಳೆಯಂತೆ ಜಾರಿದರೆ ಪಾಚಿ ಅಥವಾ ಕೊಳೆತ ಬೇರು. ಗಸಿ ಬಿಳಿಯಾಗಿದ್ದು, ನಿಂಬೆರಸ ಬಿದ್ದೊಡನೆ ಗುಳ್ಳೆ ಎದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್.

ಕಬ್ಬಿಣ ಹೀಗೇಕೆ ತಳ ಸೇರಿತು? ಪಿಎಚ್ ಒಂದು ಅಂಕ ಏರಿತೆಂದರೆ ನೀರಿನ ಆಮ್ಲೀಯತೆ ಹತ್ತು ಪಟ್ಟು ಇಳಿಯಿತು, ಹೈಡ್ರಾಕ್ಸಿಲ್ ಅಯಾನು ಹತ್ತು ಪಟ್ಟು ಏರಿತು ಎಂದು ಅರ್ಥ. ಗಾಳಿಯಾಡುವ ನೀರಿನಲ್ಲಿ ಕಬ್ಬಿಣ ಫೆರಿಕ್ ರೂಪದಲ್ಲಿರುತ್ತದೆ. ಒಂದು ಫೆರಿಕ್ ಅಯಾನು ಮೂರು ಹೈಡ್ರಾಕ್ಸಿಲ್‌ಗಳನ್ನು ಕಟ್ಟಿಕೊಂಡು ಗಸಿಯಾಗುತ್ತದೆ. ಹತ್ತನ್ನು ಹತ್ತರಿಂದ, ಮತ್ತೆ ಹತ್ತರಿಂದ ಗುಣಿಸಿ: ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಉಳಿಯಬಲ್ಲ ಬಿಡಿ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ಪಿಎಚ್ 5.4 ಇದ್ದ ತೊಟ್ಟಿಗೂ 7.4 ಇರುವ ನಿಮ್ಮ ತೊಟ್ಟಿಗೂ ಅಂತರ ಹತ್ತು ಲಕ್ಷ ಪಟ್ಟು.

ಈ ಗಂಡಾಂತರ ತಪ್ಪಿಸಲೆಂದೇ ಚಿಲೇಟ್ ಬಳಸುವುದು. ಆ ಹೆಸರು ಗ್ರೀಕ್ ಭಾಷೆಯ ಏಡಿಕೊಂಡಿಯಿಂದ ಬಂದಿದೆ. ಇಡಿಟಿಎ ಅಣು ಕಬ್ಬಿಣವನ್ನು ಕೊಂಡಿಯೊಳಗೆ ಹಿಡಿದಿಟ್ಟು ಹೈಡ್ರಾಕ್ಸಿಲ್‌ಗೆ ಸಿಗದಂತೆ ಕಾಯುತ್ತದೆ. ಆದರೆ ಈ ಹಿಡಿತಕ್ಕೂ ಮಿತಿಯಿದೆ. ಇಡಿಟಿಎ ಹೆಚ್ಚೆಂದರೆ ಪಿಎಚ್ 6.5ರವರೆಗೆ ನಂಬಿಕಸ್ಥ. ಅದರಾಚೆ ಒಂದು ಕಡೆಯಿಂದ ಹೈಡ್ರಾಕ್ಸಿಲ್ ಕಬ್ಬಿಣವನ್ನು ಎಳೆಯುತ್ತದೆ, ಇನ್ನೊಂದು ಕಡೆಯಿಂದ ಕ್ಯಾಲ್ಸಿಯಂ ಬಂದು ಖಾಲಿಯಾದ ಕೊಂಡಿಯಲ್ಲಿ ಕೂರುತ್ತದೆ. ಕ್ಯಾಲ್ಸಿಯಂನ ದಂಡು ದೊಡ್ಡದು: 160ರಿಂದ 200 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಕ್ಯಾಲ್ಸಿಯಂ, 2.5 ಪಿಪಿಎಂ ಕಬ್ಬಿಣ ಇರುವ ಸಾಮಾನ್ಯ ದ್ರಾವಣದಲ್ಲಿ ಒಂದು ಕಬ್ಬಿಣದ ಅಯಾನಿಗೆ ಸುಮಾರು ನೂರು ಕ್ಯಾಲ್ಸಿಯಂ ಅಯಾನುಗಳಿರುತ್ತವೆ. ಕಬ್ಬಿಣ ಬಿಟ್ಟುಹೋದ ಇಡಿಟಿಎ ಸುಮ್ಮನಿರುವುದೂ ಇಲ್ಲ. ದ್ರಾವಣದಲ್ಲಿದ್ದ ಸತು, ತಾಮ್ರ, ಮ್ಯಾಂಗನೀಸ್‌ಗಳನ್ನು ಹಿಡಿದುಕೊಳ್ಳುತ್ತದೆ. ದುಪ್ಪಟ್ಟು ಹಾಕಿದಾಗ ಕೊರತೆ ನೀಗದೆ ಲೆಕ್ಕವೆಲ್ಲ ಏರುಪೇರಾಗುವುದು ಇದರಿಂದಲೇ.

ಈಗ ಮಾಡಬೇಕಾದದ್ದು ಇಷ್ಟು. ಈ ದ್ರಾವಣವನ್ನು ಕುಂಡದ ಗಿಡಗಳಿಗೆ ಸುರಿದುಬಿಡಿ. ತೊಟ್ಟಿಯನ್ನು ಒರೆಸಿ, ಪೈಪುಗಳಲ್ಲಿ ಬರೀ ನೀರು ಹರಿಸಿ. ಹೊಸ ನೀರಿನ ಪಿಎಚ್ ಅನ್ನು ಮೊದಲು 5.8ಕ್ಕೆ ತನ್ನಿ, ನಂತರ ಪೋಷಕಾಂಶ, ಕೊನೆಯಲ್ಲಿ ಕಬ್ಬಿಣ. ಪೊಟ್ಟಣದ ಮೇಲೆ ಕಬ್ಬಿಣ ಶೇ. 12 ಎಂದಿದ್ದರೆ 50 ಲೀಟರಿಗೆ 1 ಗ್ರಾಂ ಸಾಕು, 2.4 ಪಿಪಿಎಂ ಆಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ 1 ಗ್ರಾಂ ಸರಿಯಾಗಿ ತೂಗದು. 20 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ ಕಂದು ಬಾಟಲಿಯಲ್ಲಿಡಿ. ಅದರಿಂದ 50 ಮಿಲಿ ತೆಗೆದರೆ 1 ಗ್ರಾಂ ಸಿಕ್ಕಿತು. ಬಾಟಲಿ ಕಂದು ಬಣ್ಣದ್ದೇ ಆಗಿರಲಿ, ತೊಟ್ಟಿಗೂ ಮುಚ್ಚಳವಿರಲಿ. ಬಿಸಿಲು ಬಿದ್ದರೆ ಇಡಿಟಿಎ ಕಬ್ಬಿಣ ಬೆಳಕಿಗೇ ಒಡೆಯುತ್ತದೆ.

ಪಿಎಚ್ 6.3ರವರೆಗೆ ಏರಲು ಬಿಟ್ಟು ಮತ್ತೆ 5.8ಕ್ಕೆ ಇಳಿಸುತ್ತಿರಿ. ದಿನವೂ 5.8ರಲ್ಲೇ ನಿಲ್ಲಿಸುತ್ತೇನೆಂದು ಗಂಟೆಗೊಮ್ಮೆ ಆಮ್ಲ ತೊಟ್ಟಿಕ್ಕಿಸುವ ಅಗತ್ಯವಿಲ್ಲ. ಏನು ಮಾಡಿದರೂ ಪಿಎಚ್ 7ರ ಹತ್ತಿರವೇ ಹೋಗುವುದಾದರೆ ಡಿಟಿಪಿಎ ಎಂಬ ಇನ್ನೊಂದು ಚಿಲೇಟಿನ ಕಬ್ಬಿಣ ಬಳಸಿ. ಸುಮಾರು 7ರವರೆಗೂ ಅದು ಹಿಡಿತ ಬಿಡದು. ಅದಕ್ಕೂ ಮೇಲಾದರೆ ಇಡಿಡಿಎಚ್‌ಎ. ಇದರಲ್ಲಿ ಕಬ್ಬಿಣ ಶೇ. 6 ಮಾತ್ರ ಇರುವುದರಿಂದ 50 ಲೀಟರಿಗೆ 2 ಗ್ರಾಂ ಬೇಕು, ಬೆಲೆಯೂ ಜಾಸ್ತಿ. ನೀರು ಕೆಂಪಗಾಗುತ್ತದೆ, ಗಾಬರಿ ಬೇಡ, ಅದು ಆ ಚಿಲೇಟಿನದೇ ಬಣ್ಣ. ಕೊಳ್ಳುವಾಗ ಪೊಟ್ಟಣದಲ್ಲಿ ಆರ್ಥೋ-ಆರ್ಥೋ ಪ್ರಮಾಣ ಎಷ್ಟಿದೆ ಎಂದು ಓದಿ. ಏರಿದ ಪಿಎಚ್‌ನಲ್ಲಿ ಕಬ್ಬಿಣವನ್ನು ಬಿಡದೆ ಕಾಯುವುದು ಆ ಭಾಗವೇ.

ಒಂದು ವಾರದೊಳಗೆ ಹುಟ್ಟುವ ಎಲೆ ಹಸಿರಾಗಿ ಬಂದರೆ ದಾರಿ ಸರಿಯಿದೆ. ಈಗಾಗಲೇ ಬೆಳ್ಳಗೆ ಬಿಳಿಚಿದ ಎಲೆ ಪೂರ್ತಿ ಚೇತರಿಸಿಕೊಳ್ಳದೆ ಹೋಗಬಹುದು, ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಪ್ರಶ್ನೆ: ಪಾಲಿಹೌಸಿನಲ್ಲಿ ಕೋಕೋಪೀಟ್ ಚೀಲಗಳಲ್ಲಿ ದೊಣ್ಣೆ ಮೆಣಸಿನಕಾಯಿ ಹಾಕಿದ್ದೇವೆ. ಕೊಳವೆಬಾವಿ ನೀರಿನ ಪಿಎಚ್ 7.8, ಬೈಕಾರ್ಬೊನೇಟ್ 366 ಪಿಪಿಎಂ ಎಂದು ವರದಿ ಬಂದಿದೆ. ಸಂಜೆ ಫಾಸ್ಫಾರಿಕ್ ಆಮ್ಲ ಹಾಕಿ 6ಕ್ಕೆ ತಂದರೆ ಬೆಳಿಗ್ಗೆ 7 ದಾಟಿರುತ್ತದೆ. ಮೀಟರ್ ಕೆಟ್ಟಿದೆಯೇ? — ಕೋಲಾರದ ಓದುಗರು

ಉತ್ತರ: ಮೀಟರ್ ಸರಿಯಿದೆ. ನಿಮ್ಮ ವರದಿಯಲ್ಲಿ ಮುಖ್ಯವಾದ ಸಂಖ್ಯೆ 7.8 ಅಲ್ಲ, 366. ಪಿಎಚ್ ಎಂಬುದು ನೀರು ಈ ಕ್ಷಣ ಹೇಗಿದೆ ಎಂಬುದನ್ನು ಹೇಳುತ್ತದೆ. ಬೈಕಾರ್ಬೊನೇಟ್ ಆ ನೀರು ಎಷ್ಟು ಆಮ್ಲವನ್ನು ನುಂಗಿ ಜೀರ್ಣಿಸಿಕೊಳ್ಳಬಲ್ಲದು ಎಂಬುದನ್ನು ಹೇಳುತ್ತದೆ. ಪಿಎಚ್ 7.8 ಇರುವ ಎರಡು ನೀರಿನಲ್ಲಿ ಒಂದಕ್ಕೆ ಹತ್ತು ಹನಿ ಆಮ್ಲ ಸಾಕಾಗಬಹುದು, ಇನ್ನೊಂದಕ್ಕೆ ಲೋಟ ತುಂಬ ಬೇಕಾಗಬಹುದು.

ರಾತ್ರಿ ಆಗುವುದೇನೆಂದರೆ, ಆಮ್ಲ ಬಿದ್ದ ಬೈಕಾರ್ಬೊನೇಟ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಅನಿಲ ನೀರಿನಲ್ಲಿ ಕರಗಿರುವಷ್ಟು ಹೊತ್ತು ಪಿಎಚ್ ಕೆಳಗಿರುತ್ತದೆ. ಪಿಎಚ್ 6ಕ್ಕೆ ನಿಲ್ಲಿಸಿದಾಗ ಬೈಕಾರ್ಬೊನೇಟಿನ ಸುಮಾರು ಮೂರನೇ ಒಂದು ಪಾಲು ಹಾಗೇ ಉಳಿದಿರುತ್ತದೆ. ಮುಚ್ಚಳ ತೆಗೆದಿಟ್ಟ ಸೋಡಾದಂತೆ ರಾತ್ರಿ ಅನಿಲ ಹಾರಿಹೋಗುತ್ತದೆ, ಉಳಿದ ಬೈಕಾರ್ಬೊನೇಟ್ ಪಿಎಚ್ ಅನ್ನು ಮೇಲಕ್ಕೆ ದೂಡುತ್ತದೆ. ಬೆಳಿಗ್ಗೆ ಡ್ರಿಪ್‌ನಲ್ಲಿ ಹೋಗುವುದು ಪಿಎಚ್ 7ರ ನೀರು. ಕಬ್ಬಿಣ ಚೀಲದೊಳಗೇ ಗಸಿ.

ಲೆಕ್ಕ ಹಾಕೋಣ. ವರದಿಯಲ್ಲಿ ಬೈಕಾರ್ಬೊನೇಟ್ ಎಂದೇ ಕೊಟ್ಟಿದ್ದರೆ 61ರಿಂದ ಭಾಗಿಸಿ. ಕ್ಷಾರೀಯತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಕೊಟ್ಟಿದ್ದರೆ 50ರಿಂದ. ಗಡಸುತನದ ಸಂಖ್ಯೆಯನ್ನು ಇಲ್ಲಿಗೆ ತರಬೇಡಿ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂನ ಲೆಕ್ಕ. ನಿಮ್ಮದು 366 ಭಾಗಿಸು 61, ಅಂದರೆ ಲೀಟರಿಗೆ 6 ಮಿಲಿ ಈಕ್ವಿವಲೆಂಟ್ (ಎಷ್ಟು ಆಮ್ಲಕ್ಕೆ ಸರಿದೂಗುತ್ತದೆ ಎಂಬುದರ ಅಳತೆ). ಅದರಲ್ಲಿ 0.5 ಉಳಿಸಿ 5.5 ಕೊಲ್ಲಬೇಕು. ಸಾವಿರ ಲೀಟರಿಗೆ 5.5 ಮೋಲ್ ಆಮ್ಲ.

ಎಲ್ಲವನ್ನೂ ಫಾಸ್ಫಾರಿಕ್ ಆಮ್ಲದಲ್ಲೇ ತುಂಬಲು ಹೋದರೆ ರಂಜಕ 170 ಪಿಪಿಎಂ ದಾಟುತ್ತದೆ. ಬೇಕಾದದ್ದು 40–50. ಮಿಕ್ಕ ರಂಜಕ ಕಬ್ಬಿಣ, ಸತುಗಳನ್ನು ಫಾಸ್ಫೇಟ್ ಮಾಡಿ ಕೂರಿಸುತ್ತದೆ. ಹಾಗಾಗಿ ಎರಡು ಆಮ್ಲ ಬೆರೆಸಿ ಲೆಕ್ಕ ಮಾಡುವುದು ಒಳ್ಳೆಯದು. ಶೇ. 85ರ ಫಾಸ್ಫಾರಿಕ್ ಆಮ್ಲ ಒಂದು ಮೋಲಿಗೆ 68 ಮಿಲಿ, 1.5 ಮೋಲಿಗೆ 102 ಮಿಲಿ, ರಂಜಕ 46 ಪಿಪಿಎಂ. ಉಳಿದ 4 ಮೋಲಿಗೆ ಶೇ. 60ರ ನೈಟ್ರಿಕ್ ಆಮ್ಲ, ಮೋಲಿಗೆ 77 ಮಿಲಿಯಂತೆ 308 ಮಿಲಿ, ಸಾರಜನಕ 56 ಪಿಪಿಎಂ. ಇವನ್ನು ಗೊಬ್ಬರದ ಲೆಕ್ಕದಿಂದ ಕಳೆಯಲು ಮರೆಯಬೇಡಿ: ಮಾನೋ ಪೊಟ್ಯಾಸಿಯಂ ಫಾಸ್ಫೇಟ್ ನಿಲ್ಲಿಸಿ, ಅದರಿಂದ ಬರುತ್ತಿದ್ದ ಪೊಟ್ಯಾಷನ್ನು ಸಲ್ಫೇಟ್ ರೂಪದಲ್ಲಿ ಕೊಡಿ, ನೈಟ್ರೇಟ್ ಗೊಬ್ಬರವನ್ನೂ ಆ ಮಟ್ಟಿಗೆ ಇಳಿಸಿ.

ಮೊದಲು 10 ಲೀಟರ್ ಬಕೆಟ್ಟಿನಲ್ಲಿ ಪರೀಕ್ಷಿಸಿ. ಸಿರಿಂಜಿನಿಂದ 1 ಮಿಲಿ ಫಾಸ್ಫಾರಿಕ್, 3 ಮಿಲಿ ನೈಟ್ರಿಕ್. ಹಾಕಿದ ಕೂಡಲೇ ಮೀಟರ್ 5.3ರ ಆಸುಪಾಸು ತೋರಿಸೀತು. ಅಕ್ವೇರಿಯಂ ಪಂಪಿನಿಂದ ಎರಡು ಮೂರು ಗಂಟೆ ಗಾಳಿ ಬಿಟ್ಟು ಆಮೇಲೆ ಅಳೆಯಿರಿ. ಆ ಓದೇ ನಿಜವಾದದ್ದು. ಗೊಬ್ಬರ ಹಾಕುವುದು ಗಾಳಿಯಾಡಿಸಿದ ನಂತರವೇ. ಸ್ವಲ್ಪ ಏರಿಕೆ ಆಮೇಲೂ ಇರುತ್ತದೆ, ಅದನ್ನು ದಿನಕ್ಕೊಮ್ಮೆ ತುಸು ಆಮ್ಲದಿಂದ ಸರಿಮಾಡಬಹುದು. ಒಟ್ಟು ಸಾರಜನಕದಲ್ಲಿ ಶೇ. 5ರಿಂದ 10ರಷ್ಟು ಅಮೋನಿಯಂ ರೂಪದಲ್ಲಿದ್ದರೂ ಸಹಾಯವಾಗುತ್ತದೆ. ಬೇರು ಅಮೋನಿಯಂ ಹೀರುವಾಗ ಆಮ್ಲ ಬಿಡುತ್ತದೆ, ನೈಟ್ರೇಟ್ ಹೀರುವಾಗ ಪಿಎಚ್ ಏರಿಸುತ್ತದೆ. ಕೋಕೋಪೀಟ್ ಚೀಲದಲ್ಲಿ ನೀವು ಅಳೆಯಬೇಕಾದದ್ದು ಕೊಟ್ಟ ನೀರನ್ನಷ್ಟೇ ಅಲ್ಲ, ಚೀಲದಿಂದ ಬಸಿದು ಬರುವ ನೀರನ್ನು. ಬೇರು ಇರುವುದು ಅದರಲ್ಲಿ.

ನೈಟ್ರಿಕ್ ಆಮ್ಲದ ವಿಷಯದಲ್ಲಿ ಸಲಿಗೆ ಬೇಡವೇ ಬೇಡ. ರಬ್ಬರ್ ಗ್ಲೌಸು, ಕನ್ನಡಕ, ಬಯಲು ಜಾಗ. ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ. ಹತ್ತು ಪಾಲು ನೀರಿಗೆ ಒಂದು ಪಾಲು ಬೆರೆಸಿಟ್ಟು ಅದನ್ನೇ ಬಳಸಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿ. ಬ್ಯಾಟರಿಯಿಂದ ತೆಗೆದ ಆಮ್ಲವನ್ನು ಯಾರೇ ಹೇಳಿದರೂ ಹಾಕಬೇಡಿ, ಅದರಲ್ಲಿ ಸೀಸ ಇರುತ್ತದೆ. ನಿಂಬೆ ಉಪ್ಪು, ವಿನೆಗರ್ ಹಾಕಿದರೆ ಪಿಎಚ್ ಇಳಿಯುವುದೇನೋ ನಿಜ. ಆದರೆ ಬ್ಯಾಕ್ಟೀರಿಯಾಗಳು ಆ ಆಮ್ಲವನ್ನೇ ತಿಂದುಬಿಡುವುದರಿಂದ ಒಂದೆರಡು ದಿನದಲ್ಲಿ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ.

ಪ್ರಶ್ನೆ: ನಮ್ಮದು ಇದಕ್ಕೆ ತಿರುಗುಮುರುಗು. ಮುರಕಲ್ಲಿನ ಬಾವಿ ನೀರು, ಪಿಎಚ್ 5.6. ಗೊಬ್ಬರ ಹಾಕಿ ನಾಲ್ಕು ದಿನಕ್ಕೆ 4.2ಕ್ಕೆ ಇಳಿಯುತ್ತದೆ. ಬೇರು ಮೊಂಡಾಗಿ ಕಪ್ಪಾಗಿದೆ, ಹಳೆ ಎಲೆಯಲ್ಲಿ ಕಂದು ಚುಕ್ಕೆ, ಹೊಸ ಎಲೆ ಹಳದಿ. ಆಮ್ಲದಲ್ಲಿ ಲೋಹ ಚೆನ್ನಾಗಿ ಸಿಗಬೇಕಲ್ಲವೇ? ಪಂಪಿನಿಂದ ಜಿಐ ಪೈಪು, ಹಿತ್ತಾಳೆ ವಾಲ್ವ್ ಇದೆ. — ಉಡುಪಿಯ ಓದುಗರು

ಉತ್ತರ: ಸಿಗುತ್ತಿದೆ, ಸಿಗಬಾರದಷ್ಟು ಸಿಗುತ್ತಿದೆ. ಜಿಐ ಪೈಪಿಗೆ ಒಳಗೂ ಹೊರಗೂ ಸತುವಿನ ಲೇಪವಿರುತ್ತದೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಆಮ್ಲೀಯ ನೀರು ಎರಡನ್ನೂ ಕರಗಿಸುತ್ತದೆ. ತಾಮ್ರದ ಲೆಕ್ಕ ನೋಡಿ: ದ್ರಾವಣಕ್ಕೆ ಬೇಕಾದದ್ದು 0.05 ಪಿಪಿಎಂ. ಸಾವಿರ ಲೀಟರಿಗೆ 50 ಮಿಲಿಗ್ರಾಂ, ಅಂದರೆ ಕೆಲವೇ ಸಾಸಿವೆ ಕಾಳಿನ ತೂಕ. ವಾಲ್ವಿನಿಂದ ಅಷ್ಟೇ ಕರಗಿ ಬಂದರೂ ತಾಮ್ರ ದುಪ್ಪಟ್ಟಾಯಿತು, ನೀರು ಸುತ್ತಿ ಸುತ್ತಿ ಬರುವ ವ್ಯವಸ್ಥೆಯಲ್ಲಿ ದಿನದಿನಕ್ಕೂ ಸೇರುತ್ತಾ ಹೋಗುತ್ತದೆ. ಹೆಚ್ಚಾದ ತಾಮ್ರ ಮೊದಲು ಹೊಡೆಯುವುದು ಬೇರಿನ ತುದಿಗೆ. ಮೊಂಡಾದ ಬೇರು ಕಬ್ಬಿಣ ಹೀರಲಾರದು, ಹೊಸ ಎಲೆ ಹಳದಿಯಾಗುವುದು ಅದಕ್ಕೇ. ಅದನ್ನು ನೋಡಿ ಕಬ್ಬಿಣ ಸುರಿಯಬೇಡಿ. ಹಳೆ ಎಲೆಯ ಕಂದು ಚುಕ್ಕೆ ಮ್ಯಾಂಗನೀಸ್ ವಿಪರೀತವಾದಾಗಿನ ಗುರುತು.

ಆಮ್ಲವೇ ನೇರವಾಗಿಯೂ ತೊಂದರೆ ಕೊಡುತ್ತದೆ. ಪಿಎಚ್ 4ರ ಹತ್ತಿರ ಬಂದರೆ ಬೇರಿನ ಪೊರೆ ಸೋರಿ ಪೊಟ್ಯಾಷ್ ಹೊರಗೆ ಬರುತ್ತದೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಒಳಗೆ ಹೋಗುವುದಿಲ್ಲ.

ಕರಾವಳಿಯ ಮುರಕಲ್ಲಿನ ಬಾವಿ ನೀರಿನಲ್ಲಿ ಬೈಕಾರ್ಬೊನೇಟ್ ತೀರಾ ಕಡಿಮೆ ಇರುವುದು ಸಾಮಾನ್ಯ. ಕೋಲಾರದವರಿಗೆ ಶತ್ರುವಾದದ್ದು ನಿಮಗೆ ಆಸರೆಯಾಗಬೇಕಿತ್ತು. ಅದಿಲ್ಲದ್ದರಿಂದ ಬೇರು ಬಿಟ್ಟ ಚೂರು ಆಮ್ಲಕ್ಕೂ ಪಿಎಚ್ ಕುಸಿಯುತ್ತದೆ. ಸಾವಿರ ಲೀಟರಿಗೆ 100 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್ ಹಾಕಿದರೆ ಲೀಟರಿಗೆ ಒಂದು ಮಿಲಿ ಈಕ್ವಿವಲೆಂಟ್ ಆಸರೆ ಬರುತ್ತದೆ, ಜೊತೆಗೆ 39 ಪಿಪಿಎಂ ಪೊಟ್ಯಾಷ್. ಅರ್ಧದಿಂದ ಶುರುಮಾಡಿ, ಬರೀ ನೀರಿಗೆ ಹಾಕಿ ಕಲಕಿ, ಗೊಬ್ಬರ ಆಮೇಲೆ. ಅಡುಗೆ ಸೋಡಾ ಬೇಡ, ಸೋಡಿಯಂ ಸೇರುತ್ತದೆ. ನಿಮ್ಮ ಗೊಬ್ಬರದಲ್ಲಿ ಅಮೋನಿಯಂ ಎಷ್ಟಿದೆ ನೋಡಿ. ಅಮೋನಿಯಂ ಸಲ್ಫೇಟ್ ಅಥವಾ ಮಾನೋ ಅಮೋನಿಯಂ ಫಾಸ್ಫೇಟ್ ಇದ್ದರೆ ತೆಗೆದು ನೈಟ್ರೇಟಿಗೆ ಬನ್ನಿ, ಕುಸಿತ ಅಲ್ಲಿಗೇ ಅರ್ಧ ನಿಲ್ಲುತ್ತದೆ. ಪೈಪು ಪಿವಿಸಿ ಅಥವಾ ಎಚ್‌ಡಿಪಿಇ ಮಾಡಿ, ವಾಲ್ವ್ ಪ್ಲಾಸ್ಟಿಕ್ಕಿನದು ಹಾಕಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ದ್ರಾವಣ ಕಲಸುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಪಾಲಿಹೌಸಿನ ಜಿಐ ಕಂಬಿಯಿಂದ ಇಬ್ಬನಿ ನೀರು ತೊಟ್ಟಿಗೆ ತೊಟ್ಟಿಕ್ಕುತ್ತಿದ್ದರೆ ಅದರಿಂದಲೂ ಸತು ಬರುತ್ತದೆ.

ಪ್ರಶ್ನೆ: ಚಿಲೇಟ್ ದುಬಾರಿ. ಅನ್ನಭೇದಿ ಹಾಕಬಾರದೇ? — ದಾವಣಗೆರೆಯ ಓದುಗರು

ಉತ್ತರ: ನೇರವಾಗಿ ತೊಟ್ಟಿಗೆ ಹಾಕಿದರೆ ದುಡ್ಡು ನೀರುಪಾಲು. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್, ಅದರಲ್ಲಿ ಶೇ. 20ರಷ್ಟು ಕಬ್ಬಿಣವಿದೆ. ಫೆರಸ್ ರೂಪ ಕರಗುತ್ತದೆ, ಆದರೆ ಗಾಳಿ ತಾಗಿದರೆ ಫೆರಿಕ್ ಆಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ಈ ಬದಲಾವಣೆಯ ವೇಗ ನೂರು ಪಟ್ಟು ಹೆಚ್ಚುತ್ತದೆ. ಪಿಎಚ್ 7ರ, ಗಾಳಿಯಾಡುವ ನೀರಿನಲ್ಲಿ ಅರ್ಧ ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿಬಿಡುತ್ತದೆ.

ಆದರೆ ಅನ್ನಭೇದಿಯಿಂದಲೇ ಮನೆಯಲ್ಲಿ ಚಿಲೇಟ್ ಮಾಡಿಕೊಳ್ಳಬಹುದು. ಅಂಗಾಂಶ ಕೃಷಿ ಪ್ರಯೋಗಾಲಯಗಳಲ್ಲಿ 1962ರಿಂದ ಬಳಕೆಯಲ್ಲಿರುವ ಮುರಾಶಿಗೆ–ಸ್ಕೂಗ್ ಮಾಧ್ಯಮದ ಕಬ್ಬಿಣವನ್ನು ಹೀಗೇ ತಯಾರಿಸುತ್ತಾರೆ. ಡೈಸೋಡಿಯಂ ಇಡಿಟಿಎ 7.45 ಗ್ರಾಂ ತೂಗಿ 400 ಮಿಲಿ ಬಿಸಿ ನೀರಿನಲ್ಲಿ ಪೂರ್ತಿ ಕರಗಿಸಿ. ಬೇರೆ ಗಾಜಿನ ಪಾತ್ರೆಯಲ್ಲಿ ಅನ್ನಭೇದಿ 5.57 ಗ್ರಾಂ ಅನ್ನು 400 ಮಿಲಿ ಬೆಚ್ಚಗಿನ ನೀರಿನಲ್ಲಿ ಕರಗಿಸಿ. ಎರಡಕ್ಕೂ ಬಟ್ಟಿ ಇಳಿಸಿದ ನೀರೇ ಬೇಕು. ಅನ್ನಭೇದಿ ತಿಳಿಹಸಿರು ಹರಳಾಗಿರಬೇಕು. ಮೇಲೆ ಕಂದು ಪುಡಿ ಕೂತಿದ್ದರೆ ಅದು ಈಗಾಗಲೇ ಕೆಟ್ಟಿದೆ. ಅನ್ನಭೇದಿ ನೀರನ್ನು ಇಡಿಟಿಎ ನೀರಿಗೆ ನಿಧಾನವಾಗಿ ಕಲಕುತ್ತಾ ಸುರಿಯಿರಿ. ಬಣ್ಣ ಹೊನ್ನಿನ ಹಳದಿಗೆ ತಿರುಗುತ್ತದೆ. ರಾತ್ರಿಯಿಡೀ ಅಕ್ವೇರಿಯಂ ಪಂಪಿನಿಂದ ಗಾಳಿ ಬಿಟ್ಟು, ಬೆಳಿಗ್ಗೆ ಒಂದು ಲೀಟರಿಗೆ ತುಂಬಿಸಿ, ಕಂದು ಬಾಟಲಿಯಲ್ಲಿಡಿ. ಇದರಲ್ಲಿ ಲೀಟರಿಗೆ 1.1 ಗ್ರಾಂ ಕಬ್ಬಿಣವಿರುತ್ತದೆ. ಒಂದು ಲೀಟರ್ ಪೋಷಕ ದ್ರಾವಣಕ್ಕೆ 2 ಮಿಲಿ ಹಾಕಿ. ಪಿಎಚ್ 6.5ರ ಮಿತಿ ಇದಕ್ಕೂ ಅನ್ವಯ.

ಪ್ರಶ್ನೆ: ಪಠ್ಯದಲ್ಲಿ ಪಿಎಚ್ ಏರಿದಂತೆ ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್ ಇಳಿಯುತ್ತವೆ, ಮಾಲಿಬ್ಡಿನಂ ಮಾತ್ರ ಏರುತ್ತದೆ ಎಂಬ ಪಟ್ಟಿಯಿದೆ. ಅದು ದ್ರಾವಣಕ್ಕೂ ಹೊಂದುತ್ತದೆಯೇ? — ಧಾರವಾಡದ ಕೃಷಿ ವಿದ್ಯಾರ್ಥಿನಿ

ಉತ್ತರ: ಒಳ್ಳೆಯ ಪ್ರಶ್ನೆ. ಆ ಪಟ್ಟಿ ಮಣ್ಣಿನದು. ಮಣ್ಣಿನಲ್ಲಿ ಪಿಎಚ್ ಒಂದು ಅಂಕ ಏರಿದರೆ ಸತು, ತಾಮ್ರ, ಮ್ಯಾಂಗನೀಸ್ ಸುಮಾರು ನೂರು ಪಟ್ಟು ಇಳಿಯುತ್ತವೆ, ಯಾಕೆಂದರೆ ಜೇಡಿ ಮತ್ತು ಕಬ್ಬಿಣದ ಆಕ್ಸೈಡುಗಳ ಮೈ ಅವನ್ನು ಹಿಡಿದುಕೊಳ್ಳುತ್ತದೆ. ಮಾಲಿಬ್ಡಿನಂ ಋಣ ಅಯಾನು. ಆಮ್ಲ ಮಣ್ಣಿನಲ್ಲಿ ಅದೇ ಆಕ್ಸೈಡುಗಳು ಅದನ್ನು ಬಿಗಿಹಿಡಿಯುತ್ತವೆ, ಪಿಎಚ್ ಏರಿದಾಗ ಬಿಡುತ್ತವೆ. ಆಮ್ಲ ಮಣ್ಣಿನ ಹೂಕೋಸಿನ ಎಲೆ ಚಾಟಿಯಂತೆ ಕಿರಿದಾಗುವುದು ಇದರಿಂದ. ತೊಟ್ಟಿಯ ನೀರಿನಲ್ಲಿ ಜೇಡಿಯೂ ಇಲ್ಲ, ಆಕ್ಸೈಡೂ ಇಲ್ಲ. 5.5ರಿಂದ 6.5ರೊಳಗೆ ಮಾಲಿಬ್ಡಿನಂ ಬಗ್ಗೆ ಚಿಂತೆ ಬೇಡ.

ದ್ರಾವಣದಲ್ಲಿ ಪಿಎಚ್ ಏಟು ಮೊದಲು ತಿನ್ನುವುದು ಕಬ್ಬಿಣ. ಸತು, ಮ್ಯಾಂಗನೀಸ್ ಬರೀ ಹೈಡ್ರಾಕ್ಸೈಡ್ ಆಗಿ ಕೂರಬೇಕಾದರೆ ಪಿಎಚ್ 8 ದಾಟಬೇಕು. ಅದಕ್ಕೂ ಮೊದಲೇ ಸತುವನ್ನು ಫಾಸ್ಫೇಟ್ ಹಿಡಿಯುತ್ತದೆ. ಮ್ಯಾಂಗನೀಸನ್ನು ಸೂಕ್ಷ್ಮಜೀವಿಗಳು ಕಪ್ಪು ಆಕ್ಸೈಡ್ ಮಾಡುತ್ತವೆ.

ಬೇರು ಸಹ ಕೈಕಟ್ಟಿ ಕೂರುವುದಿಲ್ಲ. ಟೊಮೇಟೊ, ಸೌತೆಯಂಥ ದ್ವಿದಳ ಗಿಡಗಳು ಕಬ್ಬಿಣ ಸಾಲದಾದಾಗ ಬೇರಿನಿಂದ ಆಮ್ಲ ಬಿಟ್ಟು, ಬೇರಿನ ಮೈಮೇಲೆ ಫೆರಿಕ್ಕನ್ನು ಫೆರಸ್ ಮಾಡಿ ಹೀರುತ್ತವೆ. ಬೈಕಾರ್ಬೊನೇಟ್ ತುಂಬಿದ ನೀರು ಆ ಆಮ್ಲವನ್ನು ಹುಟ್ಟಿದಲ್ಲೇ ನುಂಗುತ್ತದೆ. ಭತ್ತ, ಜೋಳ, ಗೋಧಿಯಂಥ ಹುಲ್ಲಿನ ಜಾತಿಗಳ ದಾರಿ ಬೇರೆ. ಅವು ಕಬ್ಬಿಣವನ್ನು ಹಿಡಿದು ತರುವ ಚಿಲೇಟನ್ನು ಬೇರಿನಿಂದ ತಾವೇ ಸ್ರವಿಸುತ್ತವೆ. ಜಪಾನಿನ ತಕಾಗಿ 1976ರಲ್ಲಿ ಓಟ್ಸ್ ಮತ್ತು ಭತ್ತದ ಬೇರು ತೊಳೆದ ನೀರಿನಲ್ಲಿ ಇದನ್ನು ತೋರಿಸಿಕೊಟ್ಟರು. ಮಾಲಿಬ್ಡಿನಂ ಗಿಡಕ್ಕೆ ಬೇಕೇ ಬೇಕು ಎಂದು ಆರ್ನನ್ ಮತ್ತು ಸ್ಟೌಟ್ 1939ರಲ್ಲಿ ತೋರಿಸಿದ್ದು ಟೊಮೇಟೊವನ್ನು ಪೋಷಕ ದ್ರಾವಣದಲ್ಲಿ ಬೆಳೆಸಿಯೇ. ಮಣ್ಣಿನಲ್ಲಿ ಅಷ್ಟು ಸೂಕ್ಷ್ಮ ಕೊರತೆಯನ್ನು ಬೇಕೆಂದು ಹುಟ್ಟಿಸುವುದು ಬಲು ಕಷ್ಟ.

ಪ್ರಶ್ನೆ: ಸಾವಿರ ಲೀಟರಿಗೆ ಲಘು ಪೋಷಕಾಂಶ ಎಷ್ಟು ತೂಗಬೇಕು? ಗ್ರಾಮಿನ ಹತ್ತನೇ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ತೂಗುವ ತಕ್ಕಡಿ ನಮ್ಮಲ್ಲಿಲ್ಲ. — ಮೈಸೂರಿನ ಓದುಗರು

ಉತ್ತರ: ಸೊಪ್ಪು, ಟೊಮೇಟೊ ಎರಡಕ್ಕೂ ನಡೆಯುವ ಪ್ರಮಾಣ: ಮ್ಯಾಂಗನೀಸ್ ಸಲ್ಫೇಟ್ 1.6 ಗ್ರಾಂ, ಶೇ. 21ರ ಸತುವಿನ ಸಲ್ಫೇಟ್ 1.4 ಗ್ರಾಂ, ಬೋರಿಕ್ ಆಮ್ಲ 2.3 ಗ್ರಾಂ, ಮೈಲುತುತ್ತ (ತಾಮ್ರದ ಸಲ್ಫೇಟ್) 0.2 ಗ್ರಾಂ, ಅಮೋನಿಯಂ ಮಾಲಿಬ್ಡೇಟ್ 0.1 ಗ್ರಾಂ. ಸತುವಿನ ಪೊಟ್ಟಣದ ಮೇಲೆ ಶೇ. 33 ಎಂದಿದ್ದರೆ 0.9 ಗ್ರಾಂ ಸಾಕು. ಕೊನೆಯ ಎರಡಕ್ಕೆ ಉಪಾಯವಿದೆ. 2 ಗ್ರಾಂ ಮೈಲುತುತ್ತ ಕರಗಿಸಿ 100 ಮಿಲಿ ಮಾಡಿ ಅದರಿಂದ 10 ಮಿಲಿ ತೆಗೆಯಿರಿ. 1 ಗ್ರಾಂ ಮಾಲಿಬ್ಡೇಟಿಗೂ ಹಾಗೆಯೇ. ಎಲ್ಲ ಸೇರಿಸಿ ಬಟ್ಟಿ ಇಳಿಸಿದ ನೀರಿನಲ್ಲಿ ಒಂದು ಲೀಟರ್ ಮಾಡಿ, ಲೀಟರಿಗೆ 1 ಮಿಲಿ ಬಳಸಿ. ಕೊಳವೆಬಾವಿ ನೀರಿನಲ್ಲಿ ಈ ತಾಯಿ ದ್ರಾವಣ ಮಾಡಿದರೆ ವಾರದೊಳಗೆ ಮಸುಕಾಗುತ್ತದೆ. ಕೆಲವು ಹನಿ ಆಮ್ಲದಿಂದ ಅದರ ಪಿಎಚ್ ಅನ್ನು 4–5ರಲ್ಲಿಟ್ಟರೆ ತಿಳಿಯಾಗಿ ಉಳಿಯುತ್ತದೆ.

ಕಬ್ಬಿಣವನ್ನು ಇದರಲ್ಲಿ ಬೆರೆಸಬೇಡಿ, ಕ್ಯಾಲ್ಸಿಯಂ ನೈಟ್ರೇಟಿನ ಗಟ್ಟಿ ದ್ರಾವಣ ಇರುವ ಎ ತೊಟ್ಟಿಯಲ್ಲಿಡಿ. ಫಾಸ್ಫೇಟ್, ಸಲ್ಫೇಟ್, ಈ ಲಘು ಪೋಷಕಾಂಶ ಬಿ ತೊಟ್ಟಿಯಲ್ಲಿ. ಹಲವರು ಮಾಡುವ ತಪ್ಪೊಂದಿದೆ: ಪಿಎಚ್ ಇಳಿಸುವ ಆಮ್ಲವನ್ನು ತಂದು ಎ ತೊಟ್ಟಿಗೆ ಸುರಿಯುವುದು. 3.5ಕ್ಕಿಂತ ಕೆಳಗೆ ಡಿಟಿಪಿಎ, ಇಡಿಡಿಎಚ್‌ಎ ಚಿಲೇಟುಗಳು ಕೆಡುತ್ತವೆ. ಆಮ್ಲಕ್ಕೆ ಮೂರನೇ ತೊಟ್ಟಿ ಇಡಿ.

ಪ್ರಶ್ನೆ: ಕಬ್ಬಿಣದ ಕೊರತೆ, ಮ್ಯಾಂಗನೀಸ್ ಕೊರತೆ ಎರಡೂ ಹಳದಿಯೇ. ಗುರುತಿಸುವುದು ಹೇಗೆ? — ಶಿರಸಿಯ ಓದುಗರು

ಉತ್ತರ: ಎಲೆಯನ್ನು ಬೆಳಕಿಗೆ ಹಿಡಿಯಿರಿ. ಕಬ್ಬಿಣದ್ದಾದರೆ ತೀರಾ ಎಳೆಯ ಎಲೆಯಲ್ಲಿ ಸಣ್ಣ ನರವೂ ಹಸಿರು ಗೆರೆಯಾಗಿ ಚೂಪಾಗಿ ಕಾಣುತ್ತದೆ, ನಡುವೆ ಹಳದಿ ಬಿಳಿಯವರೆಗೆ ಹೋಗುತ್ತದೆ. ಮ್ಯಾಂಗನೀಸಿನದು ಅಷ್ಟು ಚೂಪಿಲ್ಲ. ನರದ ಅಕ್ಕಪಕ್ಕ ಹಸಿರು ಪಟ್ಟಿ ಉಳಿದು, ಹಳದಿ ಮಸುಕಾಗಿರುತ್ತದೆ, ಎಳೆ ಎಲೆಯ ಕೆಳಗಿನ ಎಲೆಗೂ ಇಳಿಯುತ್ತದೆ. ಎಲೆ ಚಿಕ್ಕದಾಗಿ, ಗೆಣ್ಣುಗಳು ಒತ್ತೊತ್ತಾಗಿದ್ದರೆ ಸತು. ಪಿಎಚ್ 7 ದಾಟಿದ ತೊಟ್ಟಿಯಲ್ಲಿ ಮೂರೂ ಒಟ್ಟಿಗೆ ಬರುವುದುಂಟು. ಆಗ ಎಲೆ ಓದುವುದನ್ನು ಬಿಟ್ಟು ಪಿಎಚ್ ಇಳಿಸಿ.

ಪ್ರಶ್ನೆ: ಪೆನ್ನಿನಂಥ ಪಿಎಚ್ ಮೀಟರ್ ಒಂದೊಂದು ದಿನ ಒಂದೊಂದು ಹೇಳುತ್ತದೆ. — ತುಮಕೂರಿನ ಓದುಗರು

ಉತ್ತರ: ಮೇಲಿನ ಎಲ್ಲ ಉತ್ತರವೂ ನಿಂತಿರುವುದು ಈ ಪೆನ್ನಿನ ಮೇಲೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಅದನ್ನು ಸರಿಮಾಡಲೇಬೇಕು. ಜೊತೆಗೆ ಬರುವ 6.86 ಮತ್ತು 4.00 ಬಫರ್ ಪುಡಿಗಳನ್ನು (ಕರಗಿಸಿದಾಗ ಅಷ್ಟೇ ಪಿಎಚ್ ಕೊಡುವಂಥವು) ಪೊಟ್ಟಣದಲ್ಲಿ ಹೇಳಿದಷ್ಟು ಬಟ್ಟಿ ಇಳಿಸಿದ ನೀರಿನಲ್ಲಿ ಬೇರೆ ಬೇರೆ ಬಾಟಲಿಗಳಲ್ಲಿ ಕರಗಿಸಿ. ಮೊದಲು 6.86, ತೊಳೆದು ಒತ್ತಿ ಒರೆಸಿ 4.00. ಉಜ್ಜಬೇಡಿ. ಒಮ್ಮೆ ಅದ್ದಿದ ಬಫರನ್ನು ಬಾಟಲಿಗೆ ವಾಪಸ್ ಸುರಿಯಬೇಡಿ. ತಿಂಗಳಾದ ಬಫರನ್ನು ಚೆಲ್ಲಿ. 6.86 ಹೊಂದಿಸಿದ ಮೇಲೆ 4.00ರಲ್ಲಿ ಅದು ಒಂದು ನಿಮಿಷದೊಳಗೆ ನಿಲ್ಲದಿದ್ದರೆ ಅಥವಾ 4.3ರಲ್ಲೇ ಕೂತರೆ ಗಾಜಿನ ತುದಿ ಸತ್ತಿದೆ.

ಸಾಯುವುದಕ್ಕೆ ಮುಖ್ಯ ಕಾರಣ ತುದಿಯನ್ನು ಒಣಗಿಸಿಡುವುದು, ಇಲ್ಲವೇ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿಡುವುದು. 22 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿ 100 ಮಿಲಿ ಮಾಡಿ, ಮುಚ್ಚಳದೊಳಗಿನ ಸ್ಪಂಜಿಗೆ ನಾಲ್ಕು ಹನಿ ಹಾಕಿಡಿ. ಹನಿ ಹಾಕಿ ಬಣ್ಣ ನೋಡುವ ಕಿಟ್ ಇದ್ದವರು ಅದರ ವ್ಯಾಪ್ತಿ ಓದಿಕೊಳ್ಳಿ. ಬ್ರೋಮೋಥೈಮಾಲ್ ಬ್ಲೂ ಆದರೆ 6.0ರಿಂದ 7.6ರವರೆಗೆ ಮಾತ್ರ ಬಣ್ಣ ಬದಲಾಯಿಸುತ್ತದೆ. 5.8ರಲ್ಲೂ ಹಳದಿ, 4.5ರಲ್ಲೂ ಹಳದಿ. ಇಡಿಡಿಎಚ್‌ಎ ಹಾಕಿದ ಕೆಂಪು ದ್ರಾವಣದಲ್ಲಂತೂ ಯಾವ ಬಣ್ಣದ ಕಿಟ್ಟೂ ಕೆಲಸಕ್ಕೆ ಬಾರದು, ಅಲ್ಲಿ ಮೀಟರೇ ಬೇಕು.